ವಿಲ್, ದಾನಪತ್ರ, ಟ್ರಸ್ಟ್: ಮನೆಯವರಿಗಾಗಿ ಆಸ್ತಿಯ ವ್ಯವಸ್ಥೆ ಮಾಡುವುದು ಹೇಗೆ?

ಗಂಡ ತೀರಿಕೊಂಡರೆ ಆಸ್ತಿಯೆಲ್ಲ ತಾನಾಗಿ ಹೆಂಡತಿಗೆ ಬರುತ್ತದೆ ಎಂದು ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಹಿಂದೂ ಗಂಡಸು ವಿಲ್ ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಪ್ರತಿಯೊಬ್ಬ ಮಗ, ಪ್ರತಿಯೊಬ್ಬ ಮಗಳು ಮತ್ತು ಅವನ ತಾಯಿಗೆ ಸಮಪಾಲು. ತಂದೆ ಈ ಮೊದಲ ಸಾಲಿನಲ್ಲಿ ಬರುವುದೇ ಇಲ್ಲ.

ಮೈಸೂರಿನಲ್ಲಿ 30-40 ಸೈಟಿನಲ್ಲಿ ಕಟ್ಟಿದ ಮನೆ ಇದೆ ಎಂದುಕೊಳ್ಳಿ. ಯಜಮಾನರು ವಿಲ್ ಬರೆಯದೆ ಹೋದರು. ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ ಇದ್ದಾರೆ. ಮನೆ ನಾಲ್ಕು ಪಾಲಾಯಿತು. ಕೆಲವು ವರ್ಷದ ನಂತರ ಆ ತಾಯಿಯೂ ತೀರಿಕೊಂಡರು. ಅವರ ಕಾಲು ಭಾಗ ಈಗ ಅವರ ಎಲ್ಲಾ ಮಕ್ಕಳಿಗೆ ಹಂಚಿಹೋಗುತ್ತದೆ. ಅಂದರೆ ಆ ಮನೆಗೆ ಒಂದು ಇಟ್ಟಿಗೆಯನ್ನೂ ಹೊತ್ತು ಹಾಕದ ಮೈದುನ, ನಾದಿನಿಯರಿಗೂ ಕಾನೂನುಬದ್ಧ ಪಾಲು ಬಂತು. ಮನೆ ಮಾರಬೇಕೆಂದರೆ ಅವರೆಲ್ಲರ ಸಹಿ ಬೇಕು. ಮಕ್ಕಳಲ್ಲಿ ಒಬ್ಬರು ಅಪ್ರಾಪ್ತರಾಗಿದ್ದರೆ ಅವರ ಪಾಲು ಮಾರಲು ಕೋರ್ಟಿನ ಅನುಮತಿ ಬೇಕು. ಇದರಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ಮೋಸ ಮಾಡಿಲ್ಲ. ಎರಡು ಪುಟ ಬರೆದಿಡದೇ ಹೋದದ್ದಕ್ಕೆ ಇಷ್ಟೆಲ್ಲ.

ಆರೋಗ್ಯ ಚೆನ್ನಾಗಿರುವಾಗಲೇ ಈ ಕೆಲಸ ಮುಗಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಆಸ್ಪತ್ರೆಯ ಹಾಸಿಗೆಯ ಮೇಲೆ ಬರೆದ ವಿಲ್‌ಗಳೇ ಕೋರ್ಟಿನಲ್ಲಿ ಜಾಸ್ತಿ ಪ್ರಶ್ನೆಗೆ ಒಳಗಾಗುವುದು. ಇನ್ನು, ವಿಲ್ ಬರೆಯಲು ಸಿರಿವಂತರೇ ಆಗಿರಬೇಕಿಲ್ಲ. ಒಂದು ಸೈಟು, ಒಂದಿಷ್ಟು ಚಿನ್ನ, ಒಂದೆರಡು ಎಫ್‌ಡಿ ಇದ್ದವರಿಗೂ ಇದು ಬೇಕು.

ಮೊದಲು: ಯಾವುದು ನಿಮ್ಮದು?

ನಿಮ್ಮದಲ್ಲದ್ದನ್ನು ನೀವು ವಿಲ್‌ನಲ್ಲಿ ಕೊಡುವಂತಿಲ್ಲ. ಕೇಳಲು ಸುಲಭ, ಆದರೆ ನಮ್ಮ ಕಡೆ ಜಗಳ ಹುಟ್ಟುವುದೇ ಇಲ್ಲಿ. ಆದ್ದರಿಂದ ಈ ಹೆಜ್ಜೆಗೆ ಸಮಯ ಕೊಡಿ. ಪ್ರತಿ ಆಸ್ತಿಯ ಮೂಲಪತ್ರ ತೆಗೆದು, ಅದು ನಿಮಗೆ ಹೇಗೆ ಬಂತು ಎಂದು ಎದುರಿಗೆ ಬರೆಯಿರಿ. ಕ್ರಯಪತ್ರದಿಂದ ಬಂತೋ, ದಾನಪತ್ರದಿಂದಲೋ, ಪಾಲುಪತ್ರದಿಂದಲೋ, ಯಾರದ್ದಾದರೂ ವಿಲ್‌ನಿಂದಲೋ, ಅಪ್ಪ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯಿಂದಲೋ?

ನಿಮ್ಮ ಸಂಬಳ, ವ್ಯಾಪಾರ, ಸಾಲದಿಂದ ಕೊಂಡದ್ದು ನಿಮ್ಮ ಸ್ವಯಾರ್ಜಿತ. ಅದನ್ನು ಯಾರಿಗೆ ಬೇಕಾದರೂ ಬರೆಯಬಹುದು. ಮಕ್ಕಳು ಒಪ್ಪಬೇಕೆಂದಿಲ್ಲ.

ಅಪ್ಪ ತಮ್ಮ ದುಡಿಮೆಯಲ್ಲಿ ಕೊಂಡು, ವಿಲ್ ಬರೆಯದೆ ತೀರಿಕೊಂಡು, ನಿಮ್ಮ ಪಾಲಿಗೆ ಬಂದ ಆಸ್ತಿಯನ್ನೂ ಜನ ಪಿತ್ರಾರ್ಜಿತ ಎನ್ನುತ್ತಾರೆ. ಆದರೆ 1956ರ ಕಾಯ್ದೆಯ ಅಡಿಯಲ್ಲಿ ಹಾಗೆ ಬಂದ ಪಾಲು ನಿಮ್ಮ ಸ್ವಂತದ್ದು ಎಂದು ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ. ಅಪ್ಪ ವಿಲ್ ಬರೆದು ಕೊಟ್ಟಿದ್ದರೆ ಆ ವಿಲ್‌ನಲ್ಲಿ ಅವರ ಉದ್ದೇಶ ಏನಿತ್ತು ಎಂದು ನೋಡುತ್ತಾರೆ.

ಅಜ್ಜ, ಮುತ್ತಜ್ಜನ ಕಾಲದಿಂದ ಭಾಗವಾಗದೆ ಬಂದ ಜಮೀನಿನ ಕಥೆ ಬೇರೆ. ಅದು ಅವಿಭಕ್ತ ಕುಟುಂಬದ ಆಸ್ತಿ. ಮಗ ಹುಟ್ಟಿದ ಕೂಡಲೇ ಅವನಿಗೆ ಅದರಲ್ಲಿ ಹಕ್ಕು. 2005ರ ಸೆಪ್ಟೆಂಬರ್ 9ರಿಂದ ಮಗಳಿಗೂ ಅಷ್ಟೇ ಹಕ್ಕು. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. 2005ರಲ್ಲಿ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು. ಬದುಕಿರಬೇಕಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆಗಿದ್ದ ವಿಭಾಗವನ್ನು ಕೆದಕುವಂತಿಲ್ಲ.

ಇಂಥ ಜಮೀನಿನಲ್ಲಿ ನಿಮ್ಮ ಪಾಲನ್ನು ಮಾತ್ರ ನೀವು ವಿಲ್‌ನಲ್ಲಿ ಬರೆಯಬಹುದು. 'ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಕೊಟ್ಟಾಗಿದೆ, ಆದ್ದರಿಂದ ಊರಿನ ಜಮೀನು ಪೂರ್ತಿ ಗಂಡುಮಕ್ಕಳಿಗೆ' ಎಂದು ಬರೆದ ವಿಲ್‌ಗಳು ಇಂದಿಗೂ ಬರುತ್ತವೆ. ಆ ಸಾಲು ಮಗಳ ಹುಟ್ಟಿನ ಹಕ್ಕನ್ನು ಕಿತ್ತುಕೊಳ್ಳಲಾರದು. ಅಣ್ಣ ತಂಗಿಯರ ನಡುವೆ ಹತ್ತು ಹದಿನೈದು ವರ್ಷದ ಕೇಸನ್ನು ಮಾತ್ರ ಹುಟ್ಟುಹಾಕುತ್ತದೆ. ಮಗಳು ನಿಜವಾಗಿಯೂ ಬೇಡ ಎನ್ನುತ್ತಿದ್ದರೆ ಅವಳಿಂದ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಸಿ. ಅದೂ ಅವಳಿಗೆ ಪೂರ್ತಿ ವಿಷಯ ತಿಳಿಸಿ, ನ್ಯಾಯವಾದದ್ದನ್ನು ಕೊಟ್ಟು.

ಸರ್ಕಾರ ಮಂಜೂರು ಮಾಡಿದ ಜಮೀನು, ಭೂ ನ್ಯಾಯಮಂಡಳಿಯಿಂದ ಗೇಣಿದಾರರಿಗೆ ಬಂದ ಜಮೀನು, ಪರಿಶಿಷ್ಟ ಜಾತಿ ಪಂಗಡದವರಿಗೆ ಸಿಕ್ಕ ಜಮೀನು ಇದ್ದರೆ ನಿಲ್ಲಿ. ಮಂಜೂರಾತಿ ಆದೇಶದ ಷರತ್ತುಗಳನ್ನು ಭೂಮಿ ಕೇಸು ನೋಡುವ ವಕೀಲರಿಗೆ ತೋರಿಸಿ. ಇವನ್ನು ಹೊರಗಿನವರಿಗೆ ವಿಲ್ ಮಾಡಿದ್ದು ಬಿದ್ದುಹೋದ ಕೇಸುಗಳಿವೆ. ದಕ್ಷಿಣ ಕನ್ನಡ, ಉಡುಪಿಯ ಅಳಿಯಸಂತಾನ (ಹೆಣ್ಣಿನ ಕಡೆಯಿಂದ ಆಸ್ತಿ ಸಾಗುವ ಪದ್ಧತಿಯ) ಕುಟುಂಬದವರೂ ಹಳೆಯ ಪಾಲುಪತ್ರದ ಪದಗಳನ್ನು ಒಮ್ಮೆ ಓದಿಸಿಕೊಂಡು ಮುಂದುವರಿಯುವುದು ಒಳ್ಳೆಯದು.

ಎರಡನೆಯದು: ಪಟ್ಟಿ ಮತ್ತು ನಾಮಿನಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮನೆ, ಸೈಟು, ಜಮೀನು, ಬ್ಯಾಂಕ್ ಖಾತೆ, ಎಫ್‌ಡಿ, ಪಿಎಫ್, ಎಲ್ಐಸಿ, ಮ್ಯೂಚುವಲ್ ಫಂಡ್, ಡಿಮ್ಯಾಟ್, ಸೊಸೈಟಿ ಷೇರು, ಲಾಕರ್, ವಾಹನ, ಚೀಟಿ, ಯಾರಿಗಾದರೂ ಕೊಟ್ಟ ಕೈಸಾಲ, ನೀವು ಮಾಡಿರುವ ಸಾಲ, ಎಲ್ಲವನ್ನೂ ಬರೆಯಿರಿ. ಸ್ಥಿರಾಸ್ತಿಗೆ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಪಹಣಿ ಅಥವಾ ಇ-ಖಾತೆ ನಿಮ್ಮ ಹೆಸರಿನಲ್ಲೇ ಇದೆಯೇ ನೋಡಿ. ನಮ್ಮ ರಾಜ್ಯದಲ್ಲಿ ಲಕ್ಷಾಂತರ ಪಹಣಿಗಳು ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇವೆ. ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಆಂದೋಲನ ನಡೆಸಿದ್ದು ಇದಕ್ಕಾಗಿಯೇ. ಅಜ್ಜನ ಹೆಸರಿನಲ್ಲಿರುವ ಪಹಣಿಯನ್ನು ಹಾಗೇ ಬಿಟ್ಟು ನೀವು ಮಗನಿಗೆ ವಿಲ್ ಬರೆದರೆ, ಎರಡು ತಲೆಮಾರಿನ ಕೆಲಸ ಅವನ ಹೆಗಲಿಗೆ ಬೀಳುತ್ತದೆ. ಮೊದಲು ಪೌತಿ ಖಾತೆ ಮುಗಿಸಿ, ಆಮೇಲೆ ವಿಲ್.

ಇಲ್ಲಿ ಇನ್ನೊಂದು ತಪ್ಪು ನಂಬಿಕೆ ಇದೆ. 'ನಾಮಿನಿ ಹಾಕಿದ್ದೇನೆ, ವಿಲ್ ಯಾಕೆ?' ನಾಮಿನಿ ಎಂದರೆ ಹಣವನ್ನು ಬ್ಯಾಂಕಿನಿಂದ ಕೈಗೆ ಪಡೆಯುವವರು ಅಷ್ಟೇ, ಮಾಲೀಕರಲ್ಲ. ಎಲ್ಐಸಿ ವಿಷಯದಲ್ಲಿ ಸುಪ್ರೀಂ ಕೋರ್ಟ್ 1983ರಲ್ಲಿ, ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ವಿಮೆಯಲ್ಲಿ 2015ರ ತಿದ್ದುಪಡಿಯ ನಂತರ ಅಪ್ಪ ಅಮ್ಮ, ಗಂಡ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದರೆ ಅವರಿಗೆ ಜಾಸ್ತಿ ಬಲ ಇದೆ. ಆದರೂ ವಾರಸುದಾರರು ತಕರಾರು ತೆಗೆಯುವುದು ನಿಂತಿಲ್ಲ. ಸುಮ್ನೆ ಅಪಾಯ ಯಾಕೆ? ನಾಮಿನಿ ಹೆಸರು ಮತ್ತು ವಿಲ್‌ನಲ್ಲಿರುವ ಹೆಸರು ಒಂದೇ ಇರುವಂತೆ ನೋಡಿಕೊಳ್ಳಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಮದುವೆಗೆ ಮೊದಲು ಪಿಎಫ್‌ಗೆ ಹಾಕಿದ್ದ ನಾಮಿನಿ, ಮದುವೆಯಾದ ಮೇಲೆ ಊರ್ಜಿತವಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮ್ಮನ ಹೆಸರು ಬರೆದು ಮರೆತವರು ಇವತ್ತೇ ಅದನ್ನು ಬದಲಿಸಿ.

ಮನೆಯ ಹೆಂಗಸರೂ ವಿಲ್ ಬರೆಯಬೇಕು

ಗಂಡಸು ವಿಲ್ ಬರೆದರೆ ಸಾಕು ಎಂದುಕೊಳ್ಳುವ ಮನೆಗಳೇ ಜಾಸ್ತಿ. ನನ್ನ ಪ್ರಕಾರ ವಿಲ್‌ನ ಅಗತ್ಯ ಹೆಂಗಸರಿಗೇ ಹೆಚ್ಚು. ಮಕ್ಕಳಿಲ್ಲದ ಹಿಂದೂ ವಿಧವೆ ವಿಲ್ ಬರೆಯದೆ ತೀರಿಕೊಂಡರೆ, ಅವಳೇ ದುಡಿದು ಕೊಂಡ ಫ್ಲ್ಯಾಟ್ ಕೂಡ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಅವಳ ಅಪ್ಪ ಅಮ್ಮನ ಸರದಿ ಅದರ ನಂತರ. ತವರಿನಿಂದ ವಾರಸಾಗಿ ಬಂದ ಆಸ್ತಿ ಮಾತ್ರ ತಂದೆಯ ಕಡೆಗೆ ಹಿಂತಿರುಗುತ್ತದೆ.

2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಓಂಪ್ರಕಾಶ್ ವಿರುದ್ಧ ರಾಧಾಚರಣ್ ಪ್ರಕರಣವನ್ನು ಓದಿದರೆ ಹೊಟ್ಟೆ ಉರಿಯುತ್ತದೆ. ಮದುವೆಯಾದ ಮೂರು ತಿಂಗಳಲ್ಲಿ ಗಂಡ ತೀರಿಕೊಂಡ. ಗಂಡನ ಮನೆಯವರು ಅವಳನ್ನು ಹೊರಹಾಕಿದರು. ತವರಿನವರು ಓದಿಸಿದರು, ಕೆಲಸ ಸಿಕ್ಕಿತು, ಜೀವನವಿಡೀ ದುಡಿದಳು. ವಿಲ್ ಬರೆಯದೆ 1996ರಲ್ಲಿ ತೀರಿಕೊಂಡಳು. ಅವಳ ಉಳಿತಾಯ ಹೋದದ್ದು ಅವಳ ತಾಯಿಗಲ್ಲ, ಗಂಡನ ಅಕ್ಕತಂಗಿಯ ಮಕ್ಕಳಿಗೆ. ಕನಿಕರದಿಂದ ಕಾನೂನು ಬದಲಾಗದು ಎಂದಿತು ಕೋರ್ಟ್. ಒಂದು ಹಾಳೆಯ ವಿಲ್ ಇದ್ದಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತು. ಹಿಂದೂ ಮಹಿಳೆಯರು ದಯವಿಟ್ಟು ವಿಲ್ ಬರೆದಿಡಿ ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಮನವಿ ಮಾಡಿಕೊಂಡಿತು.

ಅಮ್ಮಂದಿರ ಒಡವೆಯ ವಿಷಯವೂ ಇಲ್ಲೇ ಬರುತ್ತದೆ. ಮನೆ ಭಾಗವಾದಾಗ ನಗುನಗುತ್ತ ಸಹಿ ಹಾಕಿದ ಅಕ್ಕತಂಗಿಯರು ಅಮ್ಮನ ಅವಲಕ್ಕಿ ಸರಕ್ಕಾಗಿ ಮಾತು ಬಿಟ್ಟಿರುವುದುಂಟು. ಯಾವ ಒಡವೆ ಯಾರಿಗೆ ಎಂದು ಗುರುತು ಸಿಗುವಂತೆ ಬರೆದಿಡಿ. 'ಎರಡೆಳೆ ಅವಲಕ್ಕಿ ಸರ, ಸುಮಾರು 40 ಗ್ರಾಂ, ಹಿರಿಯ ಮಗಳಿಗೆ. ಮುತ್ತಿನ ಬಳೆ ಒಂದು ಜೊತೆ, ಸೊಸೆಗೆ' ಎನ್ನುವ ಹಾಗೆ.

ವಿಲ್ಲೋ, ದಾನಪತ್ರವೋ?

ವಿಲ್ ಜಾರಿಗೆ ಬರುವುದು ನೀವು ಹೋದ ಮೇಲೆ. ಅಲ್ಲಿಯವರೆಗೆ ಆಸ್ತಿ ನಿಮ್ಮದೇ, ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನಪತ್ರ ನೋಂದಣಿಯಾದ ದಿನವೇ ಆಸ್ತಿ ಕೈಬಿಟ್ಟು ಹೋಗುತ್ತದೆ. ಕರ್ನಾಟಕದಲ್ಲಿ ಗಂಡ ಹೆಂಡತಿ, ಮಕ್ಕಳು, ಸೊಸೆ, ಅಣ್ಣ ತಮ್ಮ, ಅಕ್ಕ ತಂಗಿಯಂಥವರಿಗೆ ಮಾಡುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ತೀರ ಕಡಿಮೆ. ಆಸ್ತಿಯ ಬೆಲೆ ಎಷ್ಟೇ ಇರಲಿ, ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಆ ಕಾರಣಕ್ಕೇ 'ಈಗಲೇ ಬರೆದುಕೊಡಿ ಅಪ್ಪ' ಎಂಬ ಒತ್ತಡವೂ ಜಾಸ್ತಿ.

ನಾನು ಹೇಳುವುದು ಇಷ್ಟು. ನೀವು ವಾಸವಿರುವ ಮನೆಯನ್ನು ಬದುಕಿರುವಾಗ ದಾನ ಮಾಡಬೇಡಿ. ಅದಕ್ಕೆ ವಿಲ್ ಸಾಕು. ಮಾಡಲೇಬೇಕಾದ ಪರಿಸ್ಥಿತಿ ಬಂದರೆ ಎರಡು ಷರತ್ತುಗಳನ್ನು ಪತ್ರದಲ್ಲೇ ಬರೆಸಿ. ಜೀವ ಇರುವವರೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ನಿಮಗೆ ಮತ್ತು ನಿಮ್ಮ ಸಂಗಾತಿಗೆ ಇರಬೇಕು. ನಿಮ್ಮ ಊಟ, ಔಷಧಿ, ಆರೈಕೆಯನ್ನು ಪಡೆದವರು ನೋಡಿಕೊಳ್ಳಬೇಕು. ಆಮೇಲೆ ಅವರು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಅಡಿಯಲ್ಲಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಿ ದಾನಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಇಲ್ಲದ ಪತ್ರದಲ್ಲಿ ಈ ದಾರಿ ತುಂಬಾ ಕಷ್ಟ. ಪತ್ರ ಬರಹಗಾರರು ತಮ್ಮ ಸಿದ್ಧ ನಮೂನೆಯಲ್ಲಿ ಈ ಸಾಲುಗಳನ್ನು ಹಾಕದೇ ಇರಬಹುದು. ನೀವೇ ಕೇಳಿ ಹಾಕಿಸಬೇಕು.

ವಿಲ್ ಬರೆಯುವುದು

ಛಾಪಾಕಾಗದ ಬೇಕಿಲ್ಲ. ಬಿಳಿ ಹಾಳೆ ಸಾಕು. ಕೈಬರಹವಾದರೂ ಸರಿ, ಟೈಪ್ ಮಾಡಿಸಿದರೂ ಸರಿ. 18 ವರ್ಷ ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರು ಬೇಕಾದರೂ ಬರೆಯಬಹುದು. ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಬರೆಯಿರಿ. ಕನ್ನಡದಲ್ಲಿ ಯೋಚಿಸುವ ತಾಯಿಗೆ ಇಂಗ್ಲಿಷ್ ವಿಲ್ ಮಾಡಿಸಿ ಸಹಿ ತೆಗೆದುಕೊಂಡರೆ, 'ಅವರಿಗೆ ಇದರಲ್ಲಿ ಏನಿದೆ ಅಂತಲೇ ಗೊತ್ತಿರಲಿಲ್ಲ' ಎನ್ನಲು ಎದುರಿನವರಿಗೆ ನೀವೇ ದಾರಿ ಕೊಟ್ಟಂತೆ.

ಶುರುವಾತು ಹೀಗಿರಲಿ:

'ನಾನು, ಇಂಥವರ ಮಗ, ವಯಸ್ಸು 61 ವರ್ಷ, ಇಂಥ ವಿಳಾಸದಲ್ಲಿ ವಾಸ, ಆರೋಗ್ಯವಾಗಿದ್ದು, ಸ್ವಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಈ ಮರಣಶಾಸನವನ್ನು ಬರೆದಿದ್ದೇನೆ. ಇದೇ ನನ್ನ ಕೊನೆಯ ವಿಲ್. ಹಿಂದೆ ಬರೆದ ವಿಲ್‌ಗಳು ಇದ್ದರೆ ಅವೆಲ್ಲ ರದ್ದು.'

ನಂತರ ಹೆಂಡತಿ ಮಕ್ಕಳ ಹೆಸರು, ವಯಸ್ಸು ಬರೆಯಿರಿ. ಆಸ್ತಿ ಕೊಡದವರ ಹೆಸರನ್ನೂ ಬಿಡಬೇಡಿ. ಒಬ್ಬ ಮಗನಿಗೆ ಕೊಡುತ್ತಿಲ್ಲ ಎಂದರೆ ಕಾರಣವನ್ನು ಒಂದೆರಡು ಸಾಲಿನಲ್ಲಿ, ಬೈಯದೆ ಬರೆಯಿರಿ. 'ಕಿರಿಯ ಮಗನ ವ್ಯಾಪಾರಕ್ಕೆ ಈಗಾಗಲೇ ದಾವಣಗೆರೆಯ ಮಳಿಗೆ ಕೊಟ್ಟಿದ್ದೇನೆ, ಆದ್ದರಿಂದ ಈ ಮನೆಯಲ್ಲಿ ಅವನಿಗೆ ಪಾಲು ಕೊಟ್ಟಿಲ್ಲ' ಎಂದರೆ ಸಾಕು. ಸಹಜ ವಾರಸುದಾರರನ್ನು ಕಾರಣವಿಲ್ಲದೆ ಬಿಟ್ಟರೆ ಕೋರ್ಟಿಗೆ ಅನುಮಾನ ಬರುತ್ತದೆ.

ಆಸ್ತಿಯ ವಿವರ ಬರೆಯುವಾಗ ಕ್ರಯಪತ್ರದ ಷೆಡ್ಯೂಲನ್ನು ಹಾಗೇ ನಕಲು ಮಾಡಿ: ಸೈಟ್ ಅಥವಾ ಸರ್ವೆ ನಂಬರ್, ಖಾತೆ ನಂಬರ್, ಪೂರ್ವ ಪಶ್ಚಿಮ 30 ಅಡಿ, ಉತ್ತರ ದಕ್ಷಿಣ 40 ಅಡಿ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ. 'ನನ್ನ ಹಾಸನದ ಸೈಟು' ಎಂದಷ್ಟೇ ಬರೆದರೆ ಖಾತೆ ಬದಲಾಯಿಸುವ ಕಚೇರಿಯಲ್ಲಿ ಕಡತ ಮುಂದೆ ಹೋಗುವುದಿಲ್ಲ.

ಆಮೇಲೆ ಜನ ಮರೆಯುವ ನಾಲ್ಕು ಸಾಲುಗಳಿವೆ, ಅಲ್ವಾ, ಅವೇ ಮುಖ್ಯ. ನೀವು ಹೆಸರಿಸಿದವರು ನಿಮಗಿಂತ ಮೊದಲೇ ತೀರಿಕೊಂಡರೆ ಅವರ ಪಾಲು ಯಾರಿಗೆ? ಪಟ್ಟಿಯಲ್ಲಿ ಬಿಟ್ಟುಹೋದ ಅಥವಾ ಮುಂದೆ ಕೊಳ್ಳುವ ಆಸ್ತಿ ಯಾರಿಗೆ? ಸಾಲ ಯಾವ ಆಸ್ತಿಯಿಂದ ತೀರಬೇಕು? ಮತ್ತು ಇದನ್ನೆಲ್ಲ ನಿಂತು ನಡೆಸಿಕೊಡುವ ಎಕ್ಸಿಕ್ಯೂಟರ್ ಯಾರು, ಅವರಿಗೆ ಆಗದಿದ್ದರೆ ಬದಲಿ ಯಾರು? ಎಕ್ಸಿಕ್ಯೂಟರ್ ನಿಮಗಿಂತ ಚಿಕ್ಕವರಾಗಿರಲಿ, ಕಚೇರಿ ಕೆಲಸಕ್ಕೆ ಓಡಾಡುವ ತಾಳ್ಮೆ ಇರುವವರಾಗಿರಲಿ, ಮೊದಲೇ ಅವರ ಒಪ್ಪಿಗೆ ಕೇಳಿರಿ.

ಚಿಕ್ಕ ಮಕ್ಕಳಿದ್ದರೆ ಪೋಷಕರನ್ನೂ ಹೆಸರಿಸಿ. ತಂದೆ ವಿಲ್‌ನಲ್ಲಿ ಬೇರೆ ಪೋಷಕರನ್ನು ನೇಮಿಸಿದ್ದರೂ ತಾಯಿ ಬದುಕಿದ್ದರೆ ತಾಯಿಯೇ ಪೋಷಕಿ. ಆದ್ದರಿಂದ ಇಬ್ಬರೂ ತಮ್ಮ ತಮ್ಮ ವಿಲ್‌ನಲ್ಲಿ ಒಂದೇ ಹೆಸರನ್ನು ಬರೆಯುವುದು ಜಾಣತನ.

ಸಹಿ ಮತ್ತು ಸಾಕ್ಷಿ

ವಿಲ್ ನಿಲ್ಲುವುದೂ ಬೀಳುವುದೂ ಇಲ್ಲೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ನೀವು ಸಹಿ ಮಾಡುವುದನ್ನು ಅವರು ನೋಡಿರಬೇಕು, ಅಥವಾ 'ಇದು ನನ್ನ ಸಹಿ' ಎಂದು ನೀವೇ ಅವರಿಗೆ ಹೇಳಿರಬೇಕು. ಅವರು ನಿಮ್ಮ ಎದುರು ಸಹಿ ಮಾಡಬೇಕು. ಮೂವರೂ ಒಂದೇ ಹೊತ್ತಿಗೆ ಇರಲೇಬೇಕೆಂದು ಕಾನೂನು ಕೇಳುವುದಿಲ್ಲ. ಆದರೆ ಒಟ್ಟಿಗೆ ಕೂತು ಮಾಡಿದರೆ ಮುಂದೆ ಸಾಕ್ಷಿ ಹೇಳುವುದು ಸುಲಭ. ಪ್ರತಿ ಪುಟಕ್ಕೂ ಸಹಿ ಮಾಡಿ. ಕೊನೆಯಲ್ಲಿ ಈ ಸಾಲಿರಲಿ: 'ವಿಲ್ ಬರೆದವರು ನಮ್ಮ ಕಣ್ಣೆದುರು ಸಹಿ ಮಾಡಿದರು. ಅವರ ಎದುರಿನಲ್ಲೇ ನಾವು ಸಾಕ್ಷಿ ಸಹಿ ಮಾಡಿದ್ದೇವೆ.'

ಮುಂದೆ ವಿಲ್ ಬಗ್ಗೆ ಕೇಸಾದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಆದ್ದರಿಂದ ನಿಮ್ಮ ವಾರಿಗೆಯ ಸ್ನೇಹಿತರನ್ನೇ ಸಾಕ್ಷಿ ಮಾಡಬೇಡಿ. ನಿಮಗಿಂತ ಹತ್ತು ಇಪ್ಪತ್ತು ವರ್ಷ ಚಿಕ್ಕವರು, ನಿಮ್ಮನ್ನು ಬಲ್ಲವರು, ಸುಲಭವಾಗಿ ಹುಡುಕಲು ಸಿಗುವವರು ಆಗಬೇಕು. ಮನೆ ಡಾಕ್ಟರ್ ಒಪ್ಪಿದರೆ ಅವರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. 70 ದಾಟಿದವರು ಅದೇ ದಿನದ ವೈದ್ಯರ ಪ್ರಮಾಣಪತ್ರವನ್ನೂ ಜೊತೆಗಿಡಿ.

ಆಸ್ತಿ ಪಡೆಯುವವರು, ಅವರ ಗಂಡ ಅಥವಾ ಹೆಂಡತಿ ಸಾಕ್ಷಿ ಹಾಕಬಾರದು. ಕ್ರೈಸ್ತರ ವಿಲ್‌ನಲ್ಲಿ ಹಾಗೆ ಮಾಡಿದರೆ ಅವರ ಪಾಲೇ ರದ್ದಾಗುತ್ತದೆ. ಹಿಂದೂಗಳಲ್ಲಿ ರದ್ದಾಗದಿದ್ದರೂ ಅನುಮಾನ ಹುಟ್ಟುತ್ತದೆ. ವಿಲ್‌ನ ಅನುಮಾನಗಳ ಬಗ್ಗೆ ದೇಶದ ಕೋರ್ಟುಗಳು ಇಂದಿಗೂ ಮೊದಲು ಉಲ್ಲೇಖಿಸುವ ತೀರ್ಪು ನಮ್ಮ ಮೈಸೂರು ಸೀಮೆಯದೇ: ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ, 1958ರ ನವೆಂಬರ್. ವಿಲ್ ತಯಾರಿಸುವುದರಲ್ಲಿ ಮುಂದೆ ನಿಂತವರಿಗೇ ಅದರಿಂದ ದೊಡ್ಡ ಲಾಭ ಆಗುತ್ತಿದ್ದರೆ, ಆ ಅನುಮಾನವನ್ನು ನಿವಾರಿಸುವ ಹೊಣೆ ಅವರದೇ ಎಂದಿತು ಸುಪ್ರೀಂ ಕೋರ್ಟ್. ಮಕ್ಕಳಿಗೆ ಇದರಲ್ಲಿ ನೇರ ಸೂಚನೆ ಇದೆ. ಅಪ್ಪನ ವಿಲ್‌ನಿಂದ ನಿಮಗೆ ಮನೆ ಬರುತ್ತದೆ ಎಂದಾದರೆ ವಕೀಲರನ್ನು ಗೊತ್ತು ಮಾಡುವುದು, ಹಣ ಕಟ್ಟುವುದು, ಪಕ್ಕದಲ್ಲಿ ಕೂರುವುದು ಯಾವುದನ್ನೂ ನೀವು ಮಾಡಬೇಡಿ. ಬೇರೆಯವರು ಕರೆದುಕೊಂಡು ಹೋಗಲಿ.

ನೋಂದಣಿ

ಕಡ್ಡಾಯವಲ್ಲ. ಆದರೂ ಮಾಡಿಸಿ ಎನ್ನುತ್ತೇನೆ. ವಿಲ್‌ಗೆ ಮುದ್ರಾಂಕ ಶುಲ್ಕ ಇಲ್ಲ, ನೋಂದಣಿ ಶುಲ್ಕ ಅಲ್ಪ. ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0ರಲ್ಲಿ ಅರ್ಜಿ ಹಾಕಿ, ದಿನ ಗೊತ್ತು ಮಾಡಿಕೊಂಡು, ಆಧಾರ್ ಮತ್ತು ಇಬ್ಬರು ಸಾಕ್ಷಿಗಳ ಜೊತೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ. ಫೋಟೊ, ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ. ನಡೆಯಲಾಗದ ಹಿರಿಯರಿದ್ದರೆ ಅಧಿಕಾರಿಯೇ ಮನೆಗೆ ಬರಲು ಅವಕಾಶವಿದೆ. ನೀವು ಬದುಕಿರುವವರೆಗೆ ನೋಂದಾಯಿತ ವಿಲ್‌ನ ನಕಲು ನಿಮಗೆ ಅಥವಾ ನೀವು ಅಧಿಕಾರ ಕೊಟ್ಟವರಿಗೆ ಮಾತ್ರ ಸಿಗುತ್ತದೆ. ಮಕ್ಕಳು ಹೋಗಿ ನೋಡುವಂತಿಲ್ಲ. ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿ ಬಳಿ ಇಡುವ ವ್ಯವಸ್ಥೆಯೂ ಇದೆ.

ನೋಂದಣಿಯಾದ ವಿಲ್ ಮುರಿಯಲಾಗದ್ದು ಎಂದೇನಲ್ಲ. ನಂತರ ಸರಿಯಾಗಿ ಬರೆದ, ನೋಂದಣಿಯಾಗದ ವಿಲ್ ಕೂಡ ಹಿಂದಿನ ನೋಂದಾಯಿತ ವಿಲ್ ಅನ್ನು ರದ್ದು ಮಾಡಬಲ್ಲದು. ಕೊನೆಯದ್ದೇ ಲೆಕ್ಕ.

ಟ್ರಸ್ಟ್ ಯಾರಿಗೆ ಬೇಕು?

ಈಚೆಗೆ ಬೆಂಗಳೂರಿನಲ್ಲಿ ಪ್ರತಿಯೊಬ್ಬರಿಗೂ ಫ್ಯಾಮಿಲಿ ಟ್ರಸ್ಟ್ ಮಾರಲು ಹೊರಟವರಿದ್ದಾರೆ. ಒಂದು ಮನೆ, ಒಂದು ಸೈಟು, ದೊಡ್ಡವರಾದ ಮಕ್ಕಳು ಇರುವವರಿಗೆ ಅದರ ಅಗತ್ಯ ಕಡಿಮೆ. ಕೊಟ್ಟ ಆಸ್ತಿಯನ್ನು ತಾನೇ ನೋಡಿಕೊಳ್ಳಲಾಗದ ಒಬ್ಬರು ಮನೆಯಲ್ಲಿದ್ದಾಗ ಟ್ರಸ್ಟ್ ಬೇಕೇ ಬೇಕು. ಬೌದ್ಧಿಕ ಅಂಗವೈಕಲ್ಯದ ಮಗ, ಇನ್ನೂ ಶಾಲೆಗೆ ಹೋಗುವ ಮೊಮ್ಮಕ್ಕಳು, ಕುಡಿತ ಅಥವಾ ಸಾಲದ ಸುಳಿಯಲ್ಲಿ ಸಿಕ್ಕಿಬಿದ್ದ ಮಗ, ಹಣದ ವಿಷಯದಲ್ಲಿ ಯಾರು ಕೇಳಿದರೂ ಕೊಟ್ಟುಬಿಡುವ ವಯಸ್ಸಾದ ಸಂಗಾತಿ.

1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಅಡಿಯಲ್ಲಿ ಇದರ ರಚನೆ ಸರಳ. ಆಸ್ತಿ ಕೊಡುವವರು ನೀವು. ಅದನ್ನು ನೋಡಿಕೊಳ್ಳುವವರು ಟ್ರಸ್ಟಿಗಳು. ಅದರ ಫಲ ಉಣ್ಣುವವರು ಫಲಾನುಭವಿಗಳು. ಟ್ರಸ್ಟಿಯ ಹೆಸರಿನಲ್ಲಿ ಆಸ್ತಿ ಇದ್ದರೂ ಅವರು ಅದರಿಂದ ಸ್ವಂತ ಲಾಭ ಮಾಡಿಕೊಳ್ಳುವಂತಿಲ್ಲ.

ಶಿವಮೊಗ್ಗದ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಮಗನಿಗೆ 24 ವರ್ಷ, ಬೌದ್ಧಿಕ ಅಂಗವೈಕಲ್ಯ ಇದೆ. ಮಗಳು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ. ಮಗನ ಹೆಸರಿಗೆ ಮನೆ ಬರೆದರೆ ಯಾರಾದರೂ ಹೆಬ್ಬೆಟ್ಟು ಒತ್ತಿಸಿಕೊಳ್ಳಬಹುದು. ಮಗಳ ಹೆಸರಿಗೇ ಎಲ್ಲ ಬರೆದು 'ತಮ್ಮನನ್ನು ನೋಡಿಕೋ' ಎಂದರೆ, ಅವಳು ಎಷ್ಟೇ ಒಳ್ಳೆಯವಳಾದರೂ ಅವಳಿಗೇ ಏನಾದರೂ ಆದರೆ ಆ ಆಸ್ತಿ ಅವಳ ಗಂಡ ಮಕ್ಕಳಿಗೆ ಹೋಗುತ್ತದೆ. ತಮ್ಮನಿಗೆ ಏನೂ ಉಳಿಯುವುದಿಲ್ಲ.

ಈ ಅಪ್ಪ ಅಮ್ಮ ತಮ್ಮ ವಿಲ್‌ನೊಳಗೇ ಟ್ರಸ್ಟ್ ಬರೆಯಬಹುದು. ಮನೆಯ ಬಾಡಿಗೆ ಮತ್ತು ಎಫ್‌ಡಿ ಬಡ್ಡಿ ಮಗನ ಊಟ, ಔಷಧಿ, ಆರೈಕೆಗೆ. ಟ್ರಸ್ಟಿಗಳು ಮಗಳು ಮತ್ತು ಚಿಕ್ಕಪ್ಪನ ಮಗ, ಇಬ್ಬರ ಸಹಿಯೂ ಬೇಕು. ಒಬ್ಬರು ಹೋದರೆ ಬದಲಿ ಯಾರೆಂದು ಮೊದಲೇ ಹೆಸರು. ಮನೆ ಮಾರಬೇಕಾಗಿ ಬಂದರೆ ಬಂದ ಹಣ ಟ್ರಸ್ಟಿನ ಖಾತೆಯಲ್ಲೇ ಉಳಿಯಬೇಕು. ವರ್ಷಕ್ಕೊಮ್ಮೆ ಲೆಕ್ಕವನ್ನು ಒಬ್ಬ ಆಡಿಟರ್ ನೋಡಬೇಕು. ಮಗನ ಕಾಲಾನಂತರ ಉಳಿದದ್ದು ಮೊಮ್ಮಕ್ಕಳಿಗೆ, ಅಥವಾ ಅವನನ್ನು ನೋಡಿಕೊಂಡ ಸಂಸ್ಥೆಗೆ.

ಮಧ್ಯಮ ವರ್ಗದವರಿಗೆ ಈ ವಿಲ್ ಟ್ರಸ್ಟೇ ಸೂಕ್ತ ಎಂದು ನನ್ನ ಅನಿಸಿಕೆ. ಬದುಕಿರುವಾಗಲೇ ಸ್ಥಿರಾಸ್ತಿಯನ್ನು ಟ್ರಸ್ಟಿಗೆ ವರ್ಗಾಯಿಸಿದರೆ ಪತ್ರ ನೋಂದಣಿ ಆಗಲೇಬೇಕು, ಮುದ್ರಾಂಕ ಶುಲ್ಕವೂ ಬರುತ್ತದೆ. ಕುಟುಂಬದ ದಾನಪತ್ರಕ್ಕಿರುವ ರಿಯಾಯಿತಿ ಟ್ರಸ್ಟಿಗೂ ಸಿಗುತ್ತದೆ ಎಂದುಕೊಳ್ಳಬೇಡಿ. ಮೊದಲು ಲೆಕ್ಕ ಹಾಕಿಸಿ. ಯಾರಿಗೆ ಎಷ್ಟು ಎಂದು ನಿಗದಿ ಮಾಡದೆ ಟ್ರಸ್ಟಿಗಳ ವಿವೇಚನೆಗೆ ಬಿಟ್ಟರೆ ಆದಾಯ ತೆರಿಗೆ ಸಾಮಾನ್ಯವಾಗಿ ಗರಿಷ್ಠ ದರದಲ್ಲಿ ಬೀಳುತ್ತದೆ. ಇದನ್ನು ಆಡಿಟರ್ ಜೊತೆ ಮಾತಾಡದೆ ಅಂತಿಮ ಮಾಡಬೇಡಿ.

ಇಂಥ ಮಕ್ಕಳಿಗೆ 18 ತುಂಬಿದ ಮೇಲೆ ಅಪ್ಪ ಅಮ್ಮನ ಪೋಷಕತ್ವ ತಾನಾಗಿ ಮುಂದುವರಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿಂದ ಪೋಷಕರ ನೇಮಕ ಮಾಡಿಸಿಕೊಳ್ಳಿ.

ಟ್ರಸ್ಟಿನ ಖರ್ಚು ಬೇಡ, ಆದರೆ ಸಾಲಗಾರರ ಕೈಗೆ ಸಿಗದಂತೆ ಹೆಂಡತಿ ಮಕ್ಕಳಿಗೆ ಒಂದಿಷ್ಟು ಹಣ ಇರಬೇಕು ಎನ್ನುವ ವ್ಯಾಪಾರಿಗಳಿಗೆ ಇನ್ನೊಂದು ದಾರಿ ಇದೆ. ಜೀವವಿಮೆ ಮಾಡಿಸುವಾಗಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿಯಲ್ಲಿ ಮಾಡಿಸಿ. ಆ ಹಣ ಹೆಂಡತಿ ಮಕ್ಕಳ ಟ್ರಸ್ಟ್ ಎಂದೇ ಲೆಕ್ಕ.

ಬೇರೆ ಧರ್ಮದವರು, ಹೊರದೇಶದಲ್ಲಿರುವವರು

ಮುಸ್ಲಿಮರು ಸಾಮಾನ್ಯವಾಗಿ ಅಂತ್ಯಕ್ರಿಯೆಯ ಖರ್ಚು ಮತ್ತು ಸಾಲ ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗವನ್ನು ಮಾತ್ರ ವಿಲ್ ಮೂಲಕ ಕೊಡಬಹುದು. ಅದಕ್ಕಿಂತ ಜಾಸ್ತಿ ಕೊಡಲು ವಾರಸುದಾರರು ಒಪ್ಪಬೇಕು. ಕ್ರೈಸ್ತರು ವಿಲ್ ಬರೆಯದಿದ್ದರೆ ಹೆಂಡತಿಗೆ ಮೂರನೇ ಒಂದು ಭಾಗ, ಮಕ್ಕಳಿಗೆ ಉಳಿದದ್ದು. ಮದುವೆಗೆ ಮೊದಲು ಬರೆದ ಅವರ ವಿಲ್ ಮದುವೆಯಾದ ಕೂಡಲೇ ರದ್ದಾಗುತ್ತದೆ, ಹೊಸದು ಬರೆಯಬೇಕು.

ಅಮೆರಿಕ, ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರು ಭಾರತದ ಆಸ್ತಿಗೆ ಬೇರೆ ವಿಲ್, ಅಲ್ಲಿನ ಆಸ್ತಿಗೆ ಬೇರೆ ವಿಲ್ ಬರೆಯುವುದು ಒಳ್ಳೆಯದು. ಒಂದು ಎಚ್ಚರ: ಅಲ್ಲಿನ ವಕೀಲರ ನಮೂನೆಯಲ್ಲೂ 'ಹಿಂದಿನ ಎಲ್ಲಾ ವಿಲ್ ರದ್ದು' ಎಂಬ ಸಾಲು ಇರುತ್ತದೆ. ಹಾಗೇ ಬಿಟ್ಟರೆ ಬೆಂಗಳೂರಿನ ವಿಲ್ ಕೂಡ ರದ್ದಾಗಬಹುದು. ಪ್ರತಿ ವಿಲ್‌ನಲ್ಲೂ 'ಈ ದೇಶದ ಆಸ್ತಿಗೆ ಮಾತ್ರ' ಎಂದು ಸ್ಪಷ್ಟವಾಗಿ ಬರೆಸಿ. ಅನಿವಾಸಿ ಭಾರತೀಯರು ಇಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು.

ಬರೆದ ಮೇಲೆ

ಮೂಲ ವಿಲ್ ಅನ್ನು ನಿಮ್ಮೊಬ್ಬರ ಹೆಸರಿನ ಲಾಕರ್‌ನಲ್ಲಿ ಇಡಬೇಡಿ. ನೀವು ಹೋದ ಮೇಲೆ ಆ ಲಾಕರ್ ತೆರೆಯುವುದೇ ಒಂದು ಕೆಲಸ. ಮನೆಯಲ್ಲಿ ಸುರಕ್ಷಿತ ಜಾಗದಲ್ಲಿ ಅಥವಾ ಎಕ್ಸಿಕ್ಯೂಟರ್ ಬಳಿ ಇಡಿ. ಒಳಗೇನಿದೆ ಎಂದು ಎಲ್ಲರಿಗೂ ಹೇಳಬೇಕಿಲ್ಲ, ಎಲ್ಲಿದೆ ಎಂದು ಇಬ್ಬರಿಗಾದರೂ ಗೊತ್ತಿರಲಿ. ಮಗುವಿನ ಜನನ, ಮದುವೆ, ವಿಚ್ಛೇದನ, ಯಾರಾದರೂ ತೀರಿಕೊಂಡದ್ದು, ಆಸ್ತಿ ಮಾರಿದ್ದು ಕೊಂಡದ್ದು, ಇವುಗಳಾದಾಗ ತೆಗೆದು ಓದಿ. ಹಳೆಯ ವಿಲ್ ಮೇಲೆ ಪೆನ್ನಿನಿಂದ ತಿದ್ದಬೇಡಿ. ಹೊಸದನ್ನೇ ಬರೆದು, ಮತ್ತೆ ಇಬ್ಬರು ಸಾಕ್ಷಿ ಹಾಕಿಸಿ.

ಉಳಿದವರು ಮಾಡಬೇಕಾದದ್ದು ಹೀಗೆ. ಮರಣ ಪ್ರಮಾಣಪತ್ರದ ಹತ್ತಾರು ಪ್ರತಿ ತೆಗೆದುಕೊಳ್ಳಿ. ವಿಲ್‌ನ ಮೂಲ ಪ್ರತಿ, ವಂಶವೃಕ್ಷ, ಇಸಿ ಜೊತೆಗಿಡಿ. ಕರ್ನಾಟಕದಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್ (ವಿಲ್ ನಿಜ ಎಂದು ಕೋರ್ಟ್ ಕೊಡುವ ದೃಢೀಕರಣ) ಕಡ್ಡಾಯವಲ್ಲ. ಆದರೂ ದೊಡ್ಡ ಮೊತ್ತದ ಷೇರು, ಠೇವಣಿಗೆ ಕೆಲವು ಸಂಸ್ಥೆಗಳು ಕೇಳುತ್ತವೆ. ಮನೆಗೆ ಖಾತೆ ವರ್ಗಾವಣೆ, ಜಮೀನಿಗೆ ನಾಡಕಚೇರಿಯಲ್ಲಿ ಮ್ಯುಟೇಶನ್ (ಪಹಣಿಯಲ್ಲಿ ಹೆಸರು ಬದಲಾವಣೆ) ಅರ್ಜಿ ಹಾಕಿ. ಯಾರಾದರೂ ತಕರಾರು ಹಾಕಿದರೆ ತಹಶೀಲ್ದಾರರು ವಿಲ್ ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದಿಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಎನ್ನುತ್ತಾರೆ. ಆಗ ಮೊದಲು ಬೇಕಾಗುವುದು ಆ ಇಬ್ಬರು ಸಾಕ್ಷಿಗಳು. ಅವರ ಈಗಿನ ವಿಳಾಸ, ಫೋನ್ ನಂಬರನ್ನು ವಿಲ್ ಜೊತೆಗಿನ ಚೀಟಿಯಲ್ಲಿ ಬರೆದು, ಅವರು ಮನೆ ಬದಲಿಸಿದಾಗಲೆಲ್ಲ ತಿದ್ದುತ್ತಿರಿ.